ದಾಖಲಾತಿ ಫಾರಂನೊಳಗಿನ ಮಗು



ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಊರುಗಳ ಜೆರಾಕ್ಸ್ ಅಂಗಡಿಗಳಿಗೆ ಬಿಡುವಿರುವುದಿಲ್ಲ. ಮಗುವನ್ನು ಶಾಲೆಗೆ ಸೇರಿಸಬೇಕು. ಮಗುವಿನ ಆಧಾರ್, ಅಪ್ಪನ ಆಧಾರ್, ಅಮ್ಮನ ಆಧಾರ್, ಜನನ ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಜೊತೆಗೆ ಪಾಸ್‌ಪೋರ್ಟ್ ಅಳತೆಯ ಫೋಟೊ. ಯಾವುದಾದರೂ ಕಾಗದ ಮನೆಯಲ್ಲೇ ಉಳಿದಿದ್ದರೆ ಮನೆಯವರು ಅದರ ಚಿತ್ರ ತೆಗೆದು ಅಂಗಡಿಯವರ ವಾಟ್ಸ್‌ಆ್ಯಪ್‌ಗೆ ಕಳಿಸುತ್ತಾರೆ, ಅವರು ಪ್ರಿಂಟ್ ಹಾಕಿ ಕೊಡುತ್ತಾರೆ. ಪ್ರಿಂಟ್ ನಮ್ಮ ಕೈಗೆ ಬರುತ್ತದೆ. ಫೈಲು ಅಂಗಡಿಯ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಅದನ್ನು ಅಳಿಸಿಬಿಡಿ ಎಂದು ಹೇಳಿ ಬಂದವರು ಬಹಳ ಅಪರೂಪ.

ಮಗು ಶಾಲೆಯ ಹೊಸ್ತಿಲು ದಾಟುವ ಮೊದಲೇ ಅದರ ವಿವರಗಳು ಹೀಗೆ ಎರಡು ಮೂರು ಕಡೆ ಹೋಗಿ ಕೂತಿರುತ್ತವೆ. ಶಾಲೆಯೊಳಗೆ ಹೋದ ಮೇಲೆ ಇನ್ನಷ್ಟು ಸೇರಿಕೊಳ್ಳುತ್ತವೆ. ಹುಟ್ಟಿದ ದಿನ, ಜಾತಿ, ಮನೆಯ ವರಮಾನ, ರಕ್ತದ ಗುಂಪು, ಅಂಗವೈಕಲ್ಯವಿದ್ದರೆ ಅದರ ವಿವರ, ಅಮ್ಮನ ಫೋನ್ ನಂಬರು, ಯಾವ ಬಸ್ಸಿನಲ್ಲಿ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ತಿರುವಿನಲ್ಲಿ ಇಳಿಯುತ್ತದೆ, ಗಣಿತದಲ್ಲಿ ಎಷ್ಟು ಅಂಕ, ಅಪ್ಪ ಅಮ್ಮ ಒಟ್ಟಿಗೆ ಇದ್ದಾರೋ ಇಲ್ಲವೋ. ಸ್ವಂತ ಸೋದರಮಾವನಿಗೂ ಗೊತ್ತಿಲ್ಲದಷ್ಟು ಸಂಗತಿ ಶಾಲೆಗೆ ಗೊತ್ತಿರುತ್ತದೆ.

ಆನ್‌ಲೈನ್‌ನಲ್ಲಿ ಮಕ್ಕಳ ಸುರಕ್ಷತೆ ಎಂಬ ಮಾತು ಬಂದಾಗ ನಾವು ದೊಡ್ಡವರು ಸಾಮಾನ್ಯವಾಗಿ ಮಕ್ಕಳಿಗೇ ಬುದ್ಧಿ ಹೇಳಲು ಕೂರುತ್ತೇವೆ. ಅಪರಿಚಿತರ ಜೊತೆ ಮಾತಾಡಬೇಡ, ಫೋಟೊ ಹಾಕಬೇಡ, ಪಾಸ್‌ವರ್ಡ್ ಕೊಡಬೇಡ ಎನ್ನುತ್ತೇವೆ. ಹೇಳಬೇಕಾದ ಮಾತೇ ಅದು. ಆದರೆ ಮಗು ಸ್ವಂತ ಫೋನ್ ಹಿಡಿಯುವುದಕ್ಕೆ ಎಷ್ಟೋ ವರ್ಷ ಮೊದಲು ಅದರ ಹೆಸರು, ಮುಖ, ವಿಳಾಸಗಳನ್ನು ಇಂಟರ್‌ನೆಟ್ಟಿಗೆ ಸೇರಿಸಿದವರು ನಾವು. ಆದ್ದರಿಂದ ಈ ಸುರಕ್ಷತೆಯ ಕೆಲಸ ಶಾಲೆಯ ಆಫೀಸ್ ಕೋಣೆಯಿಂದ ಶುರುವಾಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಮಗುವನ್ನು ಕಾಯುವುದು, ಮಗುವಿನ ಮಾಹಿತಿಯನ್ನು ಕಾಯುವುದು ಎಂದು ಎರಡು ಬೇರೆ ಕೆಲಸಗಳಿಲ್ಲ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಒಂದು ಮಾತು ನ್ಯಾಯವಾಗಿ ಹೇಳಬೇಕು. ಶಾಲೆ ಮಾಹಿತಿ ಕೇಳುವುದೇ ತಪ್ಪಲ್ಲ. ನಮ್ಮ ರಾಜ್ಯದಲ್ಲಿ ಪ್ರತಿ ವಿದ್ಯಾರ್ಥಿಗೂ ಸ್ಯಾಟ್ಸ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಯ ಒಂದು ಸಂಖ್ಯೆ ಇದೆ. ಯಾದಗಿರಿಯಿಂದಲೋ ರಾಯಚೂರಿನಿಂದಲೋ ಕಟ್ಟಡ ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಕುಟುಂಬದ ಮಗು ಅಲ್ಲಿ ಶಾಲೆ ಬಿಟ್ಟು ಇಲ್ಲಿ ಸೇರಿತೋ ಇಲ್ಲವೋ ಎಂದು ತಿಳಿಯಲು ಆ ಸಂಖ್ಯೆ ಬೇಕಾಗುತ್ತದೆ. ಪಠ್ಯಪುಸ್ತಕ ಎಷ್ಟು ಬೇಕು, ಬಿಸಿಯೂಟಕ್ಕೆ ಎಷ್ಟು ಅಕ್ಕಿ ಬೇಕು, ವಿದ್ಯಾರ್ಥಿವೇತನ ಯಾರ ಖಾತೆಗೆ ಹೋಗಬೇಕು ಎಂಬುದಕ್ಕೆಲ್ಲ ಲೆಕ್ಕ ಬೇಕು. ಕೇಂದ್ರದ ಯುಡೈಸ್ ಪ್ಲಸ್ ವ್ಯವಸ್ಥೆ 2022-23ರಿಂದ ಶಾಲೆಯ ಒಟ್ಟು ಸಂಖ್ಯೆಯ ಜೊತೆಗೆ ಒಬ್ಬೊಬ್ಬ ವಿದ್ಯಾರ್ಥಿಯ ವಿವರವನ್ನೂ ಕೇಳುತ್ತಿದೆ. ಅದರ ಮೇಲೆ, ವಿದ್ಯಾರ್ಥಿಯ ಓದಿನ ದಾಖಲೆಗಳನ್ನೆಲ್ಲ ಒಂದೇ ಸಂಖ್ಯೆಗೆ ಜೋಡಿಸುವ ಅಪಾರ್ ಐಡಿ ಬಂದಿದೆ. ಖಾಸಗಿ ಶಾಲೆಗಳಲ್ಲಿ ಇವೆಲ್ಲದರ ಜೊತೆಗೆ ಫೀಸು ಕಟ್ಟಲು ಒಂದು ಆ್ಯಪ್, ಬಸ್ಸು ಎಲ್ಲಿದೆ ಎಂದು ನೋಡಲು ಇನ್ನೊಂದು, ಹೋಂವರ್ಕಿಗೆ ಮತ್ತೊಂದು.

ಇಷ್ಟು ಕಡೆಗೆ ಇಷ್ಟು ವಿವರವನ್ನು ತುಂಬುವವರು ಯಾರು? ಅದೇ ಶಿಕ್ಷಕರು. ಹಳ್ಳಿಯ ಶಾಲೆಯಲ್ಲಿ ಇಬ್ಬರೋ ಮೂವರೋ ಇರುತ್ತಾರೆ. ಪಾಠ ಮಾಡಬೇಕು, ಬಿಸಿಯೂಟ ನೋಡಬೇಕು, ಸಂಜೆಯೊಳಗೆ ಅಪ್‌ಲೋಡ್ ಮಾಡಿ ಎಂದು ಬಂದ ಮೆಸೇಜಿಗೆ ಉತ್ತರ ಕೊಡಬೇಕು. ಶಾಲೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಕಾಗದಗಳನ್ನು ಹಿಡಿದುಕೊಂಡು ಪೇಟೆಯ ಸೈಬರ್ ಸೆಂಟರಿಗೆ ಹೋಗುತ್ತಾರೆ. ಅಲ್ಲಿಯ ಹುಡುಗನಿಗೆ ಲಾಗಿನ್ ಮತ್ತು ಪಾಸ್‌ವರ್ಡ್ ಹೇಳಿ, ನೀನೇ ತುಂಬಿಬಿಡಪ್ಪ ಎನ್ನುತ್ತಾರೆ. ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಇಡೀ ಶಾಲೆಯ ಮಕ್ಕಳ ವಿವರಕ್ಕೆ ಒಂದೇ ಬೀಗ, ಅದರ ಕೀಲಿ ಅಪರಿಚಿತರ ಕಂಪ್ಯೂಟರಿನಲ್ಲಿ ಸೇವ್ ಆಗಿ ಕೂರುವ ಸ್ಥಿತಿಗೆ ಶಿಕ್ಷಕರನ್ನು ತಂದು ನಿಲ್ಲಿಸಿದ ವ್ಯವಸ್ಥೆಯೇ ಇದನ್ನು ಸರಿಪಡಿಸಬೇಕು. ಶಾಲೆಗೆ ಒಂದು ಒಳ್ಳೆಯ ಕಂಪ್ಯೂಟರು, ಸರಿಯಾದ ಸಂಪರ್ಕ, ಕೆಲಸಕ್ಕೆ ಬೇಕಾದಷ್ಟು ಸಮಯ, ಇವನ್ನು ಕೊಡದೆ ಸುರಕ್ಷತೆಯ ಸುತ್ತೋಲೆ ಮಾತ್ರ ಕಳಿಸಿದರೆ ಏನೂ ಆಗದು.

ಸೋರಿಕೆ ಎಂದರೆ ಎಲ್ಲೋ ಕತ್ತಲ ಕೋಣೆಯಲ್ಲಿ ಕೂತ ಕಳ್ಳ ಬೀಗ ಒಡೆದು ಒಳಬರುವುದು ಎಂದು ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಬೀಗವನ್ನೇ ಹಾಕಿರುವುದಿಲ್ಲ. ದೀಕ್ಷಾ ಎಂಬ ಸರ್ಕಾರಿ ಕಲಿಕಾ ವೇದಿಕೆ ನಿಮಗೆ ಗೊತ್ತಿರಬಹುದು. ನಮ್ಮ ಪಠ್ಯಪುಸ್ತಕಗಳಲ್ಲಿ ಅದರ ಕ್ಯೂಆರ್ ಕೋಡ್ ಅಚ್ಚಾಗಿರುತ್ತಿತ್ತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಕೋಟ್ಯಂತರ ಮಕ್ಕಳಿಗೆ ಅದೇ ಪಾಠದ ದಾರಿಯಾಯಿತು. ಒಳ್ಳೆಯ ಉದ್ದೇಶದಿಂದ ಕಟ್ಟಿದ ವೇದಿಕೆ ಅದು. ಅದಕ್ಕೆ ಸೇರಿದ ಒಂದು ಕ್ಲೌಡ್ ಸಂಗ್ರಹ ಪಾಸ್‌ವರ್ಡ್ ರಕ್ಷಣೆಯಿಲ್ಲದೆ ವರ್ಷಕ್ಕೂ ಹೆಚ್ಚು ಕಾಲ ತೆರೆದೇ ಇತ್ತೆಂದು 2023ರ ಜನವರಿಯಲ್ಲಿ ವರದಿಯಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ನಂಬರು, ಇಮೇಲ್ ಅದರಲ್ಲಿದ್ದವು. ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ಪೂರ್ತಿ ಹೆಸರು, ಅವರು ಓದುವ ಶಾಲೆಯ ವಿವರ ಇದ್ದವು. ಯಾರೂ ಏನನ್ನೂ ಮುರಿಯಬೇಕಿರಲಿಲ್ಲ. ಬಾಗಿಲು ತೆರೆದೇ ಇತ್ತು.

ಹೊರದೇಶದಲ್ಲೂ ಇದೇ ಕಥೆ. ಪವರ್‌ಸ್ಕೂಲ್ ಎಂಬ ಕಂಪನಿ ಅಮೆರಿಕ ಮತ್ತು ಕೆನಡಾದ ಸಾವಿರಾರು ಶಾಲೆಗಳ ದಾಖಲೆಗಳನ್ನು ನೋಡಿಕೊಳ್ಳುತ್ತದೆ. ನಮ್ಮ ಕನ್ನಡಿಗರ ಮಕ್ಕಳೂ ಆ ದೇಶಗಳ ಶಾಲೆಗಳಲ್ಲಿ ಓದುತ್ತಿದ್ದಾರೆ, ಹಾಗಾಗಿ ಅಲ್ಲಿರುವ ಕೇಳುಗರಿಗೆ ಇದು ಹೊಸ ಸುದ್ದಿಯಲ್ಲ. 2024ರ ಡಿಸೆಂಬರಿನಲ್ಲಿ ಯಾರೋ ಕದ್ದ ಒಂದು ಪಾಸ್‌ವರ್ಡಿನಿಂದ ಒಳಹೊಕ್ಕು ಕೋಟಿಗಟ್ಟಲೆ ಮಕ್ಕಳ ವಿವರವನ್ನು ಹೊತ್ತೊಯ್ದರು. ಆಮೇಲೆ ತಪ್ಪೊಪ್ಪಿಕೊಂಡವನು 19 ವರ್ಷದ ಕಾಲೇಜು ವಿದ್ಯಾರ್ಥಿ. ಕಂಪನಿ ಸುಲಿಗೆಯ ಹಣವನ್ನೂ ಕೊಟ್ಟಿತು, ಕದ್ದದ್ದನ್ನು ಅಳಿಸಿದ್ದೇವೆ ಎಂಬ ಭರವಸೆಯನ್ನೂ ಪಡೆಯಿತು. ಕೆಲವೇ ತಿಂಗಳಲ್ಲಿ, 2025ರ ಮೇ ಹೊತ್ತಿಗೆ, ಅದೇ ಮಾಹಿತಿಯನ್ನು ಇಟ್ಟುಕೊಂಡು ಶಾಲಾ ಮಂಡಳಿಗಳಿಗೆ ಮತ್ತೆ ಬೆದರಿಕೆ ಬಂತು.

ಇದರಲ್ಲಿ ನನ್ನನ್ನು ಬಹಳ ಕಾಡಿದ್ದು ಟೊರೊಂಟೊ ನಗರದ ಶಾಲಾ ಮಂಡಳಿಯ ಸಂಗತಿ. ಕಳುವಾದ ಅವರ ದಾಖಲೆಗಳಲ್ಲಿ 1985ರಿಂದ ಓದಿದ ಮಕ್ಕಳ ವಿವರಗಳಿದ್ದವು. ಅಂದು ಒಂದನೇ ತರಗತಿಯಲ್ಲಿದ್ದ ಮಗುವಿಗೆ ಈಗ ನಲವತ್ತೈದು ದಾಟಿದೆ, ಅವರ ಮಕ್ಕಳೇ ಕಾಲೇಜಿಗೆ ಹೋಗುತ್ತಿರಬಹುದು. ಅವರ ಹುಟ್ಟಿದ ದಿನ, ಅಂದಿನ ಮನೆ ವಿಳಾಸ, ಇವನ್ನೆಲ್ಲ ನಲವತ್ತು ವರ್ಷಗಳ ನಂತರವೂ ಇಂಟರ್‌ನೆಟ್ಟಿಗೆ ತಾಗಿದ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳುವ ಅಗತ್ಯ ಏನಿತ್ತು? ನಮ್ಮ ಹಳೆಯ ಶಾಲೆಗಳಲ್ಲಿ ದಾಖಲಾತಿ ಪುಸ್ತಕವನ್ನು ಶಾಶ್ವತವಾಗಿ ಇಡುತ್ತಾರೆ. ಅದು ಕಬ್ಬಿಣದ ಬೀರುವಿನಲ್ಲಿರುತ್ತದೆ, ಕದಿಯಬೇಕೆಂದರೆ ಬೀರುವನ್ನೇ ಒಡೆಯಬೇಕು. ಕಂಪ್ಯೂಟರಿನಲ್ಲಿ ಇಟ್ಟದ್ದು ಹಾಗಲ್ಲ, ಇಟ್ಟಷ್ಟು ದಿನವೂ ಅಪಾಯವೇ. ಟಿಸಿ ಕೊಟ್ಟು ಕಳಿಸಿದ ಮಗುವಿನ ಫೋಟೊ, ಆಧಾರ್ ಪ್ರತಿ, ಪಾಸ್‌ಬುಕ್ ಪ್ರತಿ ಇನ್ನೂ ಆಫೀಸಿನ ಕಂಪ್ಯೂಟರಿನಲ್ಲಿ ಯಾಕಿರಬೇಕು ಎಂದು ಪ್ರತಿ ವರ್ಷ ಮಾರ್ಚಿನಲ್ಲಿ ಒಮ್ಮೆ ಕೇಳಿಕೊಂಡು, ಬೇಡದ್ದನ್ನು ಅಳಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬರಬೇಕು. ಕಾಗದದ ಪ್ರತಿಗಳಿಗೂ ಇದೇ ಮಾತು. ಹಳೆಯ ಅರ್ಜಿಗಳು ಗುಜರಿಗೆ ಹೋಗಿ, ಕಡಲೆಕಾಯಿ ಕಟ್ಟುವ ಪೊಟ್ಟಣವಾಗಿ ನಮ್ಮ ಕೈಗೇ ಬರಬಾರದು. ಹರಿದು ಚೂರು ಮಾಡಿ ಕೊಡಬೇಕು.

ಕಡಿಮೆ ದಿನ ಇಟ್ಟುಕೊಳ್ಳುವುದಕ್ಕಿಂತಲೂ ಒಳ್ಳೆಯದು, ಕಡಿಮೆ ಕೇಳುವುದು. ಸ್ವೀಡನ್ ದೇಶದಲ್ಲಿ ಶೆಲೆಫ್ಟಿಯೊ ಎಂಬ ಊರಿದೆ. ಅಲ್ಲಿನ ಒಂದು ಪ್ರೌಢಶಾಲೆ ಹಾಜರಿ ಹಾಕಲು ಮುಖ ಗುರುತಿಸುವ ಕ್ಯಾಮೆರಾ ಇಟ್ಟು ನೋಡಿತು. ಕೇವಲ 22 ವಿದ್ಯಾರ್ಥಿಗಳ ಮೇಲೆ, ಮೂರು ವಾರಗಳ ಪ್ರಯೋಗ. ಪೋಷಕರ ಒಪ್ಪಿಗೆ ಇತ್ತೆಂದು ಶಾಲೆ ಹೇಳಿತು. ಅಲ್ಲಿನ ಮಾಹಿತಿ ರಕ್ಷಣಾ ಪ್ರಾಧಿಕಾರ 2019ರ ಆಗಸ್ಟಿನಲ್ಲಿ 2 ಲಕ್ಷ ಕ್ರೋನರ್ ದಂಡ ಹಾಕಿತು. ಹಾಜರಿಯನ್ನು ಹೆಸರು ಕರೆದೂ ಹಾಕಬಹುದಾಗಿರುವಾಗ ಮುಖದ ಅಳತೆ ತೆಗೆದುಕೊಳ್ಳುವುದು ಅತಿಯಾಯಿತು ಎಂಬುದು ಅದರ ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಮನಸ್ಸಿಗೆ ಇಳಿಯಬೇಕಾದದ್ದು. ಶಾಲೆಯ ಮುಂದೆ ವಿದ್ಯಾರ್ಥಿ ಸಮನಾಗಿ ನಿಲ್ಲಲಾರ, ಆದ್ದರಿಂದ ಅಲ್ಲಿ ಕೊಟ್ಟ ಒಪ್ಪಿಗೆಯನ್ನು ಮುಕ್ತವಾದ ಒಪ್ಪಿಗೆ ಎನ್ನಲಾಗದು ಎಂದು ಪ್ರಾಧಿಕಾರ ಹೇಳಿತು. ದಾಖಲಾತಿಯ ದಿನ ಕೌಂಟರಿನ ಈಚೆ ನಿಂತ ನಮ್ಮ ತಾಯಂದಿರನ್ನು ನೆನೆಸಿಕೊಳ್ಳಿ. ಇಲ್ಲಿ ಸಹಿ ಹಾಕಮ್ಮ ಎಂದರೆ ಹಾಕುತ್ತಾರೆ. ಅದು ಏನಕ್ಕೆಂದು ಕೇಳಿದರೆ ಸೀಟು ಸಿಗದೆ ಹೋದೀತು ಎಂಬ ಅಳುಕು ಅವರಿಗೆ.

ನಮ್ಮ ರಾಜ್ಯದಲ್ಲೂ ಮುಖ ಗುರುತಿಸಿ ಹಾಜರಿ ಹಾಕುವ ಯೋಜನೆಯ ಮಾತು 2025ರಲ್ಲಿ ಬಂತು. ಹಾಜರಿಯಲ್ಲಿ ಸುಳ್ಳು ಲೆಕ್ಕ ತಡೆಯಬೇಕು ಎಂಬ ಉದ್ದೇಶ ಅರ್ಥವಾಗುವಂಥದ್ದೇ. ಆದರೂ ನಾನು ಇದನ್ನು ಒಪ್ಪಲಾರೆ. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಬ್ಯಾಂಕ್ ಖಾತೆ ಸೋರಿದರೆ ಮುಚ್ಚಿ ಹೊಸದು ತೆರೆಯಬಹುದು. ಆರು ವರ್ಷದ ಮಗುವಿನ ಮುಖದ ಅಳತೆ ಸೋರಿದರೆ ಆ ಮಗು ಏನು ಬದಲಾಯಿಸಬೇಕು?

ಈ ಪ್ರಶ್ನೆಗಳಿಗೆ ನಮ್ಮ ನೆಲದಲ್ಲೇ ಒಂದು ದೊಡ್ಡ ಆಸರೆ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86ರ ವಯಸ್ಸು. ಬೆಂಗಳೂರಿನಲ್ಲಿ ವಿಶ್ರಾಂತಿಯಲ್ಲಿರಬಹುದಾಗಿದ್ದ ಹಿರಿಯರು. ಅವರ ಹೆಸರಿನ ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಪೀಠದಲ್ಲಿದ್ದ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ಮಕ್ಕಳ ವಿಷಯವನ್ನು ಬೇರೆಯಾಗಿಯೇ ಎತ್ತಿದರು. ತಿಳಿಯದ ವಯಸ್ಸಿನಲ್ಲಿ ಮಾಡಿದ ತಪ್ಪು ಇಂಟರ್‌ನೆಟ್ಟಿನಲ್ಲಿ ಉಳಿದು ಜೀವಮಾನವಿಡೀ ಬೆನ್ನು ಹತ್ತಬಾರದು ಎಂಬುದು ಅವರ ಕಳಕಳಿ. ಮರುವರ್ಷ, 2018ರ ಸೆಪ್ಟೆಂಬರ್ 26ರಂದು ಬಂದ ಆಧಾರ್ ತೀರ್ಪು, ಶಾಲೆಗೆ ಸೇರಿಸಿಕೊಳ್ಳಲು ಆಧಾರ್ ಕಡ್ಡಾಯ ಮಾಡುವಂತಿಲ್ಲ ಎಂದಿತು. ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ನಿರಾಕರಿಸುವಂತಿಲ್ಲ ಎಂದೂ ಹೇಳಿತು. ಅಪಾರ್ ಐಡಿಗೂ ಪೋಷಕರ ಒಪ್ಪಿಗೆ ಬೇಕು, ಅದು ಐಚ್ಛಿಕ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಗೆದ್ದುಕೊಟ್ಟ ಈ ಹಕ್ಕು ನಮ್ಮ ದಾಖಲಾತಿ ಕೌಂಟರುಗಳವರೆಗೆ ಇನ್ನೂ ನಡೆದು ಬಂದಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಖಾಸಗಿತನದ ಆ ತೀರ್ಪಿನ ಹಿನ್ನೆಲೆಯಲ್ಲಿ, ಕೆಲವು ವರ್ಷಗಳ ಬಳಿಕ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. 18 ವರ್ಷದೊಳಗಿನವರೆಲ್ಲ ಅದರ ಪ್ರಕಾರ ಮಕ್ಕಳು. ಮಕ್ಕಳ ಮಾಹಿತಿ ಬಳಸಬೇಕಾದರೆ ತಂದೆ ತಾಯಿಯ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವಾದದ್ದೇ ಎಂದು ಪರಿಶೀಲಿಸಿರಬೇಕು. ಮಗು ಏನು ನೋಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ. ಮಕ್ಕಳಿಗೆ ಸಂಬಂಧಿಸಿದ ಈ ಕರ್ತವ್ಯ ಮುರಿದರೆ 200 ಕೋಟಿ ರೂಪಾಯಿವರೆಗೆ ದಂಡ. ಪಾಠಕ್ಕೆ ಮತ್ತು ಮಕ್ಕಳ ಸುರಕ್ಷತೆಗೆ ಬೇಕಾದಷ್ಟು ಮಟ್ಟಿಗೆ ಶಾಲೆಗಳಿಗೆ ಕೆಲವು ವಿನಾಯಿತಿಗಳಿವೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಇದೆ. ಅಷ್ಟರೊಳಗೆ ಶಾಲೆಗಳು ತಾವು ಬಳಸುವ ಪ್ರತಿ ಆ್ಯಪಿನ ಕಂಪನಿಗೂ ಕಾಗದ ಬರೆದು, ನಮ್ಮ ಮಕ್ಕಳ ಯಾವ ವಿವರ ನಿಮ್ಮಲ್ಲಿದೆ, ಅದನ್ನು ಬೇರೆ ಯಾರಿಗೆ ಕೊಡುತ್ತೀರಿ ಎಂದು ಕೇಳಬಹುದು. ಕೇಳಬೇಕಾದ ಕಾರಣವೂ ಇದೆ. ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಮಕ್ಕಳಿಗೆ ಶಿಫಾರಸು ಮಾಡಿದ ಕಲಿಕಾ ಆ್ಯಪ್‌ಗಳನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. ಹತ್ತರಲ್ಲಿ ಸುಮಾರು ಒಂಬತ್ತು ಆ್ಯಪ್‌ಗಳು ಮಕ್ಕಳ ಹಕ್ಕಿಗೆ ಧಕ್ಕೆ ತರುವ ರೀತಿಯಲ್ಲಿ ಮಾಹಿತಿಯನ್ನು ಬಳಸುತ್ತಿದ್ದವು.

ಕಾನೂನಿನ ಮಾತು ಸಾಕು. ದಿನನಿತ್ಯ ನಮ್ಮ ಕೈಯಲ್ಲೇ ನಡೆಯುವ ಸಂಗತಿಗೆ ಬರುತ್ತೇನೆ. ತರಗತಿಯ ವಾಟ್ಸ್‌ಆ್ಯಪ್ ಗ್ರೂಪು. ಏಳನೇ ತರಗತಿ ಎ ವಿಭಾಗದ ಪೋಷಕರು ಎಂದು ಒಂದು ಗ್ರೂಪು. ಅದರಲ್ಲಿ ನಲವತ್ತು ಐವತ್ತು ಮನೆಗಳ ನಂಬರು. ಹೋದ ವರ್ಷ ಶಾಲೆ ಬಿಟ್ಟವರೂ ಇನ್ನೂ ಅದರಲ್ಲಿರುತ್ತಾರೆ, ವ್ಯಾನಿನವರೂ ಇರುತ್ತಾರೆ. ಪರೀಕ್ಷೆ ಮುಗಿದಾಗ ಇಡೀ ತರಗತಿಯ ಅಂಕಪಟ್ಟಿ ಅಲ್ಲಿಗೆ ಬರುತ್ತದೆ. ವಿದ್ಯಾರ್ಥಿವೇತನದ ಪಟ್ಟಿ ಬಂದರೆ ಹೆಸರಿನ ಮುಂದೆ ಜಾತಿ, ಅದರ ಮುಂದೆ ಖಾತೆ ಸಂಖ್ಯೆ. ಫೀಸು ಬಾಕಿ ಇರುವವರ ಹೆಸರನ್ನೂ ಕೆಲವರು ಹಾಕುತ್ತಾರೆ. ಮರುದಿನ ತರಗತಿಯಲ್ಲಿ ಆ ಮಗುವಿನ ಪಾಡೇನು ಎಂದು ಯಾರೂ ಯೋಚಿಸಿರುವುದಿಲ್ಲ. ಗ್ರೂಪಿನಿಂದ ನಂಬರು ಹಿಡಿದು ಯಾರದೋ ತಾಯಿಗೆ ರಾತ್ರಿ ಹೊತ್ತು ಮೆಸೇಜ್ ಕಳಿಸುವವರಿದ್ದಾರೆ. ಅದನ್ನು ಆಕೆ ಮನೆಯಲ್ಲಿ ಹೇಳಲೂ ಆಗದೆ, ಮಗುವಿನ ಪಾಠದ ಗ್ರೂಪು ಬಿಡಲೂ ಆಗದೆ ಒದ್ದಾಡುತ್ತಾರೆ.

ಇದಕ್ಕೆ ದುಡ್ಡು ಖರ್ಚಾಗುವ ಪರಿಹಾರವೇನೂ ಬೇಕಿಲ್ಲ. ಅಂಕವನ್ನು ಆಯಾ ಪೋಷಕರಿಗೆ ಮಾತ್ರ ಕಳಿಸಬಹುದು. ಸೂಚನೆ ಕೊಡುವುದಷ್ಟೇ ಉದ್ದೇಶವಾದರೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿಕೊಳ್ಳಬಹುದು, ಆಗ ಒಬ್ಬರ ನಂಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ವಿದ್ಯಾರ್ಥಿವೇತನದ ಪಟ್ಟಿ ಶಿಕ್ಷಕರ ಮೇಜಿನಲ್ಲಿದ್ದರೆ ಸಾಕು. ವರ್ಷಕ್ಕೊಮ್ಮೆ ಹಳೆಯ ಗ್ರೂಪು ಮುಚ್ಚಿ ಹೊಸದು ತೆರೆಯುವುದು ಹತ್ತು ನಿಮಿಷದ ಕೆಲಸ.

ಫೋಟೊಗಳ ಬಗ್ಗೆಯೂ ಒಂದು ಮಾತು. ಮೊಟ್ಟೆ ಕೊಟ್ಟದ್ದಕ್ಕೆ ಫೋಟೊ, ಶೂ ಕೊಟ್ಟದ್ದಕ್ಕೆ ಫೋಟೊ, ದಾನಿಗಳು ನೋಟ್‌ಬುಕ್ ಹಂಚಿದ್ದಕ್ಕೆ ಫೋಟೊ. ಕೈಚಾಚಿ ನಿಂತ ಮಗುವಿನ ಮುಖ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಂಗಿಯ ಮೇಲೆ ಶಾಲೆಯ ಬ್ಯಾಡ್ಜು, ಕೆಳಗೆ ಹೆಸರು ಮತ್ತು ತರಗತಿ. ಫೇಸ್‌ಬುಕ್ಕಿನಲ್ಲಿ ಇದನ್ನು ನೋಡಿದ ಅಪರಿಚಿತನಿಗೆ ಆ ಮಗುವನ್ನು ಹೆಸರು ಹಿಡಿದು ಕರೆಯಲು ಇನ್ನೇನು ಬೇಕು? ತಟ್ಟೆಯ ಫೋಟೊ ತೆಗೆದರೂ ಮೊಟ್ಟೆ ಕಾಣುತ್ತದೆ. ಹಿಂದಿನಿಂದ ತೆಗೆದರೂ ಸಾಲು ಕಾಣುತ್ತದೆ. ದಾನ ಕೊಡುವವರೂ ಇದನ್ನು ತಿಳಿದುಕೊಳ್ಳಬೇಕು, ಮಗುವಿನ ಮುಖ ನಿಮ್ಮ ದಾನದ ರಸೀದಿಯಲ್ಲ.

ಇಂಥ ಚೂರುಪಾರು ವಿವರಗಳನ್ನೆಲ್ಲ ಜೋಡಿಸಿಕೊಂಡೇ ಮೋಸಗಾರರು ಫೋನ್ ಮಾಡುತ್ತಾರೆ. ನಿಮ್ಮ ಮಗನನ್ನು ಪೊಲೀಸರು ಹಿಡಿದಿದ್ದಾರೆ, ಬಿಡಿಸಬೇಕಾದರೆ ಈಗಲೇ ಹಣ ಹಾಕಿ ಎನ್ನುವ ಕರೆ. ಹಿಂದೆ ಮಗು ಅಳುವ ದನಿ. ಮಗನ ಹೆಸರು ಸರಿಯಿರುತ್ತದೆ, ಶಾಲೆಯ ಹೆಸರು ಸರಿಯಿರುತ್ತದೆ, ಅದಕ್ಕೇ ತಂದೆ ತಾಯಿ ನಂಬಿಬಿಡುತ್ತಾರೆ. ವಿದ್ಯಾರ್ಥಿವೇತನ ಬಂದಿದೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಎಂಬುದು ಇನ್ನೊಂದು ಬಗೆ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಖಾತೆಗೆ ಹಣ ಬರುವುದಿಲ್ಲ, ಖಾತೆಯಿಂದ ಹೋಗುತ್ತದೆ. ಇಂಥ ಕರೆ ಬಂದರೆ ಫೋನ್ ಇಟ್ಟು ನೇರವಾಗಿ ಶಾಲೆಗೆ ಕರೆ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಇನ್ನು ಮಕ್ಕಳ ಮೇಲೆಯೇ ನೇರವಾಗಿ ಬರುವ ಅಪಾಯ. ಸ್ಪೇನ್ ದೇಶದ ಅಲ್ಮೆಂದ್ರಾಲೆಹೊ ಎಂಬ ಸಣ್ಣ ಊರಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಶಾಲಾ ಹುಡುಗಿಯರಿಗೆ ಒಂದೇ ಬಗೆಯ ಆಘಾತವಾಯಿತು. ಅವರ ಸಾಮಾನ್ಯ ಫೋಟೊಗಳನ್ನು ತೆಗೆದುಕೊಂಡು ಕೃತಕ ಬುದ್ಧಿಮತ್ತೆಯ ಆ್ಯಪಿನಿಂದ ನಗ್ನ ಚಿತ್ರಗಳನ್ನು ಮಾಡಿ ಹರಿಬಿಟ್ಟಿದ್ದರು. ಮಾಡಿದವರು ಹೊರಗಿನವರಲ್ಲ, ಅದೇ ಊರಿನ ಹುಡುಗರು. 2024ರಲ್ಲಿ ಅಲ್ಲಿನ ಬಾಲ ನ್ಯಾಯಾಲಯ 15 ಹುಡುಗರನ್ನು ಒಂದು ವರ್ಷ ಮೇಲ್ವಿಚಾರಣೆಯಲ್ಲಿಟ್ಟು, ಹೆಣ್ಣುಮಕ್ಕಳನ್ನು ಸಮಾನವಾಗಿ ಕಾಣುವ, ತಂತ್ರಜ್ಞಾನವನ್ನು ಹೊಣೆಯಿಂದ ಬಳಸುವ ಪಾಠಕ್ಕೆ ಕೂರಿಸಿತು. ಈ ಪ್ರಕರಣ ಬೆಳಕಿಗೆ ಬಂದದ್ದು ಆ ಊರಿನ ತಾಯಂದಿರು ಒಟ್ಟಾಗಿ, ತಪ್ಪು ನಮ್ಮ ಹೆಣ್ಣುಮಕ್ಕಳದ್ದಲ್ಲ ಎಂದು ಬಹಿರಂಗವಾಗಿ ನಿಂತದ್ದರಿಂದ.

ನಮ್ಮಲ್ಲಿ ಹಾಗಾದರೆ ಏನಾಗುತ್ತದೆ? ಒಂಬತ್ತನೇ ತರಗತಿಯ ಹುಡುಗಿ ಮನೆಯಲ್ಲಿ ಬಾಯಿ ಬಿಟ್ಟರೆ ಮೊದಲು ಫೋನ್ ಹೋಗುತ್ತದೆ, ಆಮೇಲೆ ಟ್ಯೂಷನ್, ಆಮೇಲೆ ಶಾಲೆ. ಮದುವೆ ಮಾಡಿ ಕಳಿಸೋಣ ಎಂಬ ಮಾತು ಬರಲೂ ತಡವಿಲ್ಲ. ಇದು ಅವಳಿಗೆ ಚೆನ್ನಾಗಿ ಗೊತ್ತು. ಬೆದರಿಸುವವನಿಗೂ ಗೊತ್ತು, ಅವನ ಬಲವಿರುವುದೇ ಅದರಲ್ಲಿ. ಮನೆಯವರಿಗೆ ಹೇಳುತ್ತೇನೆ ಎಂಬ ಒಂದು ಮಾತಿನಿಂದ ಅವನು ಅವಳನ್ನು ತಿಂಗಳುಗಟ್ಟಲೆ ಕುಣಿಸುತ್ತಾನೆ. ಗಂಡುಮಕ್ಕಳೂ ಈ ಬಲೆಯಿಂದ ಹೊರಗಿಲ್ಲ. ಗೇಮ್ ಆಡುತ್ತ ಪರಿಚಯವಾದ ಗೆಳತಿ ಎಂದು ನಂಬಿ ಚಿತ್ರ ಕಳಿಸಿ, ಆಮೇಲೆ ಹಣಕ್ಕೆ ಬೆದರಿಕೆ ಬಂದು, ಅಪ್ಪನ ಜೇಬಿಗೆ ಕೈ ಹಾಕುವ ಹುಡುಗರಿದ್ದಾರೆ. ಅವರು ಅತ್ತು ಹೇಳುವುದು ಇನ್ನೂ ಕಷ್ಟ. ತಂದೆ ತಾಯಿಯರಲ್ಲಿ ನನ್ನ ವಿನಂತಿ ಇಷ್ಟೇ: ಏನಾದರೂ ಆದರೆ ನಿನ್ನ ಓದು ನಿಲ್ಲಿಸುವುದಿಲ್ಲ, ಇದನ್ನು ಇವತ್ತೇ ಮಗುವಿಗೆ ಬಾಯಿಬಿಟ್ಟು ಹೇಳಿ. ಸಂಕಟ ಬಂದ ಮೇಲೆ ಹೇಳಿದರೆ ಮಗು ನಂಬುವುದಿಲ್ಲ.

ಶಿಕ್ಷಕರ ಬಳಿ ಒಂದು ಮಗು ಬಂದು, ಟೀಚರ್ ಒಂದು ವಿಷಯ ಹೇಳಬೇಕಿತ್ತು ಎಂದರೆ ಆಗಿನ ಮೊದಲ ಹತ್ತು ನಿಮಿಷ ಬಹಳ ಮುಖ್ಯ. ಯಾಕೆ ಕಳಿಸಿದೆ, ನಿನಗೆ ಬುದ್ಧಿ ಇರಲಿಲ್ಲವೇ ಎಂದು ಕೇಳಬಾರದು. ಆ ಚಿತ್ರವನ್ನು ತೋರಿಸು ಎನ್ನಬಾರದು. ಹೆಡ್‌ಮಾಸ್ಟರಿಗೆ ಸಾಕ್ಷಿ ತೋರಿಸಲೆಂದು ತಮ್ಮ ಫೋನಿಗೆ ತರಿಸಿಕೊಳ್ಳಬಾರದು. ಮಕ್ಕಳ ಅಶ್ಲೀಲ ಚಿತ್ರವನ್ನು ನೋಡುವುದೂ ಇಟ್ಟುಕೊಳ್ಳುವುದೂ ಯಾವಾಗ ಅಪರಾಧವಾಗುತ್ತದೆ ಎಂಬುದನ್ನು ಸುಪ್ರೀಂ ಕೋರ್ಟು 2024ರ ಸೆಪ್ಟೆಂಬರಿನಲ್ಲಿ ಬಹಳ ಕಟ್ಟುನಿಟ್ಟಾಗಿ ಹೇಳಿದೆ. ಹೆದರಿಕೆಯಿಂದ ಚಾಟ್ ಎಲ್ಲ ಅಳಿಸಿಬಿಡು ಎಂದೂ ಹೇಳಬಾರದು. ಯಾವ ಖಾತೆಯಿಂದ, ಯಾವ ನಂಬರಿನಿಂದ, ಯಾವ ದಿನ ಬೆದರಿಕೆ ಬಂತು ಎಂಬುದು ಆ ಫೋನಿನಲ್ಲಿ ಹಾಗೇ ಇರಲಿ. ಹಣ ಕೊಡಬೇಡ ಎಂದು ಹೇಳಬೇಕು, ಕೊಟ್ಟವರಿಂದ ಮತ್ತೆ ಮತ್ತೆ ಕೇಳುತ್ತಾರೆ. ಚಿತ್ರ ಹರಡುವ ಭಯವಿದ್ದರೆ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ ಇದೆ. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ಹೋಗುತ್ತದೆ, ಈ ಸೇವೆಗೆ ಸೇರಿಕೊಂಡಿರುವ ಜಾಲತಾಣಗಳು ಅದನ್ನಿಟ್ಟುಕೊಂಡು ಆ ಚಿತ್ರವನ್ನು ಹುಡುಕಿ ತೆಗೆಯುತ್ತವೆ.

ಶಾಲೆಯ ಹೆಸರು ಕೆಡುತ್ತದೆ, ಒಳಗೊಳಗೇ ಮುಗಿಸೋಣ ಎನ್ನುವ ಆಡಳಿತ ಮಂಡಳಿಗಳಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಶಿಕ್ಷೆ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ. ಮಗುವಿನ ಗುರುತನ್ನು ಮಾಧ್ಯಮದಲ್ಲಿ ಬಯಲು ಮಾಡುವುದಕ್ಕೂ ಕಾಯ್ದೆಯಲ್ಲಿ ತಡೆಯಿದೆ. ದೂರು ಕೊಟ್ಟರೆ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಭಯಕ್ಕೆ ಕಾನೂನು ಕೊಟ್ಟಿರುವ ಉತ್ತರ ಅದು. ಸ್ಟಾಫ್‌ರೂಮಿನಲ್ಲಿ ಈ ಮಾತು ಹರಡದಂತೆ ನೋಡಿಕೊಳ್ಳುವುದು ಮಾತ್ರ ಶಿಕ್ಷಕರ ಕೈಯಲ್ಲೇ ಇದೆ.

ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಹೋಗುವ ಪೋಷಕರಿದ್ದರೆ ಎರಡು ವಿಷಯ ಎತ್ತಿ. ಮಕ್ಕಳು ಇಂಥ ಸಂಗತಿ ಹೇಳಿಕೊಳ್ಳಲು ನಮ್ಮ ಶಾಲೆಯಲ್ಲಿ ಯಾವ ಶಿಕ್ಷಕಿ, ಯಾವ ಶಿಕ್ಷಕರು ಇದ್ದಾರೆ, ಅವರ ಹೆಸರು ಮಕ್ಕಳಿಗೆ ಗೊತ್ತಿದೆಯೇ ಎಂದು ಕೇಳಿ. ಸ್ಯಾಟ್ಸ್ ಪಾಸ್‌ವರ್ಡ್ ಯಾರ ಯಾರ ಬಳಿ ಇದೆ, ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಎಂದೂ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಬರೆದುಕೊಳ್ಳುವವರಿಗಾಗಿ ಸಹಾಯದ ನಂಬರುಗಳನ್ನು ಒಟ್ಟಿಗೆ ಹೇಳುತ್ತೇನೆ. ಮಕ್ಕಳ ಸಹಾಯವಾಣಿ 1098, ಹಗಲೂ ರಾತ್ರಿಯೂ ತೆರೆದಿರುತ್ತದೆ, ಮಗುವೇ ಕರೆ ಮಾಡಬಹುದು. ಹಣದ ಮೋಸಕ್ಕೆ 1930. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ದಾಖಲಿಸಬಹುದು. ಜಿಲ್ಲಾ ಕೇಂದ್ರಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಪೊಲೀಸ್ ಠಾಣೆ ಇದೆ, ಅಲ್ಲಿಗೆ ನೇರವಾಗಿ ಹೋಗಬಹುದು.